ಗಜ್ಜುಗದ ಮತ

ಸೇಂಗಾ ಕೀಳುವ ದಿನಗಳು ಅವು. ನೇಸರಗಿಯ ಯಾವ ಓಣಿಗೆ ಹೋದರೂ ಹಸಿ ಮಣ್ಣಿನ, ಸುಟ್ಟ ಕಾಯಿಯ ವಾಸನೆ. ನಮ್ಮ ಕಿಸೆಗಳಲ್ಲಿ ಬಳಪಕ್ಕಿಂತ ಸೇಂಗಾನೇ ಹೆಚ್ಚು. ಅಂಥ ದಿನಗಳಲ್ಲೇ ನಮ್ಮ ಏಳನೇ ಇಯತ್ತೆಯಿಂದ ಇಡೀ ಸಾಲಿಗೆ, ಅಂದರೆ ಶಾಲೆಗೆ, ಒಬ್ಬ ಮುಖ್ಯಮಂತ್ರಿಯನ್ನು ಆರಿಸುವುದಿತ್ತು. ಮುಖ್ಯಮಂತ್ರಿಗಿದ್ದದ್ದು ಒಂದೇ ಅಧಿಕಾರ: ಬೇವಿನ ಮರಕ್ಕೆ ತೂಗುಹಾಕಿದ್ದ ಕಬ್ಬಿಣದ ಹಳಿಯ ತುಂಡನ್ನು ಬಾರಿಸುವುದು. ನನಗೆ ಆ ಗಂಟೆಯ ಮೇಲೆ ಎಂಥ ಆಸೆಯೆಂದರೆ, ಮನೆಯಲ್ಲಿ ಹಿಟ್ಟು ನಾದುವ ಪರಾತ ಬಾರಿಸಿ ಅವ್ವನಿಂದ ಬೈಸಿಕೊಂಡಿದ್ದೆ.

ಚುನಾವಣೆಗೆ ನಿಂತವರು ಬಸ್ಯಾ, ನಾನು ಮತ್ತು ಶಾಂತಿ. ಶಾಂತಿ ನನ್ನ ಪಕ್ಕದಲ್ಲೇ ಕೂಡುವವಳು. ಆದರೆ ಸಾಲಿಯ ಬೇಲಿಯಲ್ಲಿ ಸಿಗುವ, ಗೋಲಿಯಂಥ ಗಜ್ಜುಗದ ಬೀಜಗಳ ಆಟದಲ್ಲಿ ಜಗಳವಾಗಿ ಟೂ ಬಿಟ್ಟಿದ್ದೆವು, ಮಾತೇ ಇರಲಿಲ್ಲ. ನಮಗೆ ಕಲಿಸುವ ಅಕ್ಕಾವ್ರು ಮೂವರ ಹೆಸರಿನಲ್ಲಿ ಮೂರು ಗಡಿಗೆ ಇಟ್ಟು, ಎಲ್ಲರಿಗೂ ಒಂದೊಂದು ಸೇಂಗಾಕಾಯಿ ಹಂಚಿದರು.

"ನಿಮಗ ಬೇಕಾದವರ ಗಡಿಗ್ಯಾಗ ಹಾಕ್ರಿ. ಅರ್ಧಕ್ಕಿಂತ ಜಾಸ್ತಿ ಬಿದ್ದವರು ಮುಖ್ಯಮಂತ್ರಿ" ಎಂದರು.

ಎಣಿಸಿದಾಗ ಬಸ್ಯಾ ಮುಂದೆ, ಅವನ ಹಿಂದೆ ನಾನು, ಕೊನೆಗೆ ಶಾಂತಿ. ಆದರೆ ಒಟ್ಟು ಕಾಯಿಗಳೇ ಕಡಿಮೆ ಬಿದ್ದಿದ್ದವು. ಸಣ್ಣ ಇಯತ್ತೆಯ ಹುಡುಗರ ಬಾಯಿ ಇನ್ನೂ ಆಡುತ್ತಿತ್ತು.

"ಏನ್ರೋ, ಮತಾ ತಿಂದ್ರೇನು?"

"ಹಸಿವಿ ಆಗಿತ್ರಿ ಅಕ್ಕಾರ. ಶಾಂತಕ್ಕಗ ಹಾಕೋದಿತ್ರಿ."

ಸಾಲಿಗೆ ಸಾಲಿಯೇ ನಕ್ಕಿತು. ಶಾಂತಿ ಮಾತ್ರ ನೆಲ ನೋಡುತ್ತ, "ಹೋಗ್ಲಿ ಬಿಡ್ರಿ ಅಕ್ಕಾರ, ಹಸ್ತಿದ್ವು" ಎಂದಳು.

ಬಸ್ಯಾನ ಗೆಳೆಯರು ಅವನನ್ನು ಹೆಗಲಿಗೇರಿಸಿಕೊಂಡು ಕೂಗಾಡಿದರು. ಅಕ್ಕಾವ್ರು ತಡೆದರು.

"ಇಳಸ್ರೋ ಅವನ್ನ! ಯಾರೂ ಅರ್ಧ ದಾಟಿಲ್ಲ. ನಾಳೆ ಮೊದಲಿನ ಇಬ್ಬರಿಗಷ್ಟ ಇನ್ನೊಮ್ಮಿ ಮತಾ ಹಾಕೂದು. ಫ್ರಾನ್ಸಿನಾಗ ಇದಕ್ಕ ಬಲೊತಾಜ್ ಅಂತಾರ." ಹಲಗೆಯ ಮೇಲೆ ಆ ಪದ ಬರೆದರು. "ಬಲೊತ್ ಅಂದ್ರ ಸಣ್ಣ ಗುಂಡು. ಇಟಲಿ ಕಡೆಯಿಂದ ಬಂದ ಮಾತು. ಹಿಂದಕ ಅಲ್ಲಿ ಗುಂಡು ಹಾಕಿ ಮತಾ ಕೊಡತಿದ್ರು. ನಾಳೆ ನಾವೂ ಗಜ್ಜುಗ ಹಾಕೂಣು. ಅದನ್ನ ಯಾರೂ ತಿನ್ನಂಗಿಲ್ಲ!"

ಅವತ್ತು ಸಂಜೆ ರೊಟ್ಟಿ ತಿನ್ನುತ್ತ ಲೆಕ್ಕ ಹಾಕಿದೆ. ಶಾಂತಿಯ ಕಡೆಯವರು ಯಾರಿಗೆ ಹಾಕುತ್ತಾರೋ ಅವರದೇ ಗಂಟೆ. ಟೂ ಬಿಟ್ಟವಳ ಮುಂದೆ ಹೋಗಿ ಕೇಳುವುದು ಹೇಗೆ?

ಮರುದಿನ ಸಾಲಿಯ ಬಾಗಿಲಲ್ಲಿ ಅವಳೇ ನಿಂತಿದ್ದಳು. ನನ್ನಿಂದ ಗೆದ್ದುಕೊಂಡಿದ್ದ ಬೂದುಬಣ್ಣದ ಗಜ್ಜುಗಗಳನ್ನೆಲ್ಲ ನನ್ನ ಬೊಗಸೆಗೆ ಸುರಿದಳು.

"ನಮ್ಮ ಹುಡುಗರಿಗೆಲ್ಲ ನಿನಗ ಹಾಕ್ರಿ ಅಂತ ಹೇಳೇನಿ."

"ಯಾಕ? ನಾವು ಟೂ ಅದೇವಲ್ಲ?"

"ಟೂ ಇದ್ರ ಏನಾತು? ಗಂಟಿ ಬಸ್ಯಾ ಒಬ್ಬಾಂವನ ಬಾರಸ್ತಾನ, ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ನೀ ಕೊಡ್ತಿ."

ಗಜ್ಜುಗಗಳು ಗಡಿಗೆಯಲ್ಲಿ ಟಣಟಣ ಬಿದ್ದವು. ನಾನು ಗೆದ್ದೆ. ಅಕ್ಕಾವ್ರು ಕೈಗೆ ಕೊಟ್ಟ ಕಬ್ಬಿಣದ ಸಲಾಕೆಯನ್ನು ನಾನು ಶಾಂತಿಯ ಕೈಗೆ ಕೊಟ್ಟೆ. ಮೊದಲ ಏಟು ಅವಳದೇ. ಎಷ್ಟು ಜೋರಾಗಿ ಹೊಡೆದಳೆಂದರೆ ಬೇವಿನ ಮರದ ಗಿಳಿಗಳೆಲ್ಲ ಎದ್ದುಹೋದವು. ವರ್ಷವಿಡೀ ಒಂದು ದಿನ ಅವಳು, ಒಂದು ದಿನ ನಾನು ಬಾರಿಸಿದೆವು.

ಮೊನ್ನೆ ಟೀವಿಯಲ್ಲಿ ಯಾವುದೋ ದೇಶದ ಚುನಾವಣೆಯ ಸುದ್ದಿಯಲ್ಲಿ ಬಲೊತಾಜ್ ಎಂಬ ಆ ಪದ ಮತ್ತೆ ಕಿವಿಗೆ ಬಿತ್ತು. ಸಂಗೊಳ್ಳಿಯಲ್ಲಿರುವ ಶಾಂತಿಗೆ ಕೂಡಲೇ ಫೋನು ಹಚ್ಚಿದೆ, ಇಬ್ಬರೂ ನಕ್ಕೆವು. ಸಾಲಿಯಲ್ಲಿ ಈಗ ಕರೆಂಟಿನ ಗಂಟೆ. ಬೇಲಿಯ ಗಜ್ಜುಗದ ಕಂಟಿ ಹೋಗಿ ಕಾಂಪೌಂಡು ಬಂದಿದೆ. ನಾನೂ ಎಷ್ಟೋ ಸಲ ಮತ ಹಾಕಿ ಬಂದಿದ್ದೇನೆ. ಗೆದ್ದವರು ಮೆರವಣಿಗೆ ಹೋಗುತ್ತಾರೆ, ಸೋತವರು ಕದ ಹಾಕಿಕೊಳ್ಳುತ್ತಾರೆ. ಜಗಳಗಳನ್ನೂ ಸಾಕಷ್ಟು ಆಡಿದ್ದೇನೆ. ಆದರೆ ಮಾತು ಬಿಟ್ಟಿದ್ದಾಗಲೂ ನನ್ನನ್ನು ನಂಬಿ "ನೀ ಕೊಡ್ತಿ" ಎಂದವರು ಆಮೇಲೆ ಯಾರೂ ಸಿಗಲಿಲ್ಲ.