ಹಿಂದಿನ ಸೀಟಿನ ಅಂಕ

ಜೀನ್ಸ್ ಪ್ಯಾಂಟಿನ ಹಿಂಜೇಬಿನ ಮೂಲೆಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡದಾದ ತಾಮ್ರದ ಗುಂಡೊಂದು ಇರುತ್ತದೆ. ಹೊಲಿಗೆ ಬಿಚ್ಚದಿರಲೆಂದು ಹೊಡೆದ ರಿವೆಟ್ ಅದು. ದಿನವೆಲ್ಲ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಸಂಜೆ ಸ್ನಾನ ಮಾಡುವಾಗ ಅದರ ಅಚ್ಚು ಕೈಗೆ ಸಿಗುತ್ತಿತ್ತು. ಚರ್ಮದ ಮೇಲೆ ಸಣ್ಣದೊಂದು ತಗ್ಗು, ಮುಟ್ಟಿದರೆ ನೋವು. ಆಮೇಲೆ ನಾನು ಕೆಲಸಕ್ಕೆ ರಿವೆಟ್ ಇಲ್ಲದ ಹತ್ತಿಬಟ್ಟೆಯ ಪ್ಯಾಂಟು ಹಾಕತೊಡಗಿದೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವ ವಿಷಯವಾಗಿರಲಿಲ್ಲ.

ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಚೆನ್ನೈಗೆ ಬಂದವಳು ನಾನು. ಗಿಂಡಿಯಲ್ಲಿ, ಬೈಕುಗಳನ್ನು ವಿನ್ಯಾಸ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊಸ ಕ್ರೂಸರ್ ಬೈಕಿನ ಹಿಂದಿನ ಸಸ್ಪೆನ್ಶನ್ ನೋಡಿಕೊಳ್ಳುವ ತಂಡಕ್ಕೆ ಹಾಕಿದರು. ಕ್ರೂಸರ್ ನೋಡಲು ಆರಾಮಕುರ್ಚಿಯಂತಿರುತ್ತದೆ. ಉದ್ದ ಮೈ, ತಗ್ಗಾದ ಸೀಟು, ಕಾಲು ಮುಂದೆ ಚಾಚಿ ಕೂರುವ ಭಂಗಿ. ಆ ಆರಾಮದಲ್ಲೇ ತೊಂದರೆಯಿದೆ ಎಂದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು. ಬೇರೆ ಬೈಕುಗಳಲ್ಲಿ ಗುಂಡಿ ಕಂಡರೆ ಕಾಲೂರಿ ಸೀಟಿನಿಂದ ತುಸು ಏಳಬಹುದು. ಕ್ರೂಸರಿನಲ್ಲಿ ಕಾಲು ಎಲ್ಲೋ ಮುಂದಿರುವುದರಿಂದ ಏಳಲಾಗುವುದಿಲ್ಲ, ಹೊಡೆತವೆಲ್ಲ ಬೆನ್ನುಮೂಳೆಯ ತುದಿಗೇ. ಸೀಟು ತಗ್ಗಾಗಿದ್ದಷ್ಟೂ ಚಕ್ರ ಮೇಲಕ್ಕೆದ್ದು ಇಳಿಯಲು ಜಾಗ ಕಡಿಮೆ. ಇಷ್ಟು ಕಡಿಮೆ ಜಾಗದಲ್ಲಿ ಇಬ್ಬರ ಭಾರ ತಡೆಯಬೇಕೆಂದರೆ ಸ್ಪ್ರಿಂಗ್ ಗಟ್ಟಿಯಿರಬೇಕು. ಓಡಿಸುವವನು ಎರಡು ಚಕ್ರಗಳ ನಡುವೆ ಕೂತಿರುತ್ತಾನೆ, ಅವನಿಗೆ ಹೊಡೆತದ ಒಂದು ಪಾಲು ಮಾತ್ರ ಬರುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಚಕ್ರದ ಮೇಲೆಯೇ ಕೂತಂತೆ.

ತಂಡದಲ್ಲಿ ಏಳು ಜನ. ನಾನೊಬ್ಬಳೇ ಹೆಂಗಸು, ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಹಗುರ. ತಾಂಬರಂ ದಾಟಿದ ಮೇಲೆ ಒಂದು ಕೆಟ್ಟ ರಸ್ತೆಯಿದೆ. ತೇಪೆ ಹಾಕಿದ ಟಾರು, ಸಾಲಾಗಿ ಹಂಪುಗಳು, ಒಂದು ಸಣ್ಣ ಸೇತುವೆ. ಅಲ್ಲಿ ಎಲ್ಲರೂ ಒಂದು ಸುತ್ತು ಓಡಿಸಿ, ಒಂದು ಸುತ್ತು ಹಿಂದೆ ಕೂತು ಬರಬೇಕು. ವಾಪಸು ಬಂದು ಶೆಡ್ಡಿನಲ್ಲಿ ಹೆಲ್ಮೆಟ್ ತೆಗೆದವರು ಒಂದು ಮಾತನ್ನೂ ಆಡಬಾರದು. ಎಲ್ಲರೂ ಬಂದ ಮೇಲೆ ಒಬ್ಬೊಬ್ಬರೂ ಹಿಂದಿನ ಸೀಟಿಗೆ ಹತ್ತಕ್ಕೆ ಇಷ್ಟು ಎಂದು ಬಾಯಲ್ಲಿ ಅಂಕ ಹೇಳಬೇಕು. ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಮೊದಲು ಹೇಳಿದರೆ ಚಿಕ್ಕವರು ಅದನ್ನೇ ಹೇಳಿಬಿಡುತ್ತಾರೆ ಎಂಬ ಕಾರಣಕ್ಕೆ ಮಾಡಿದ ಪದ್ಧತಿ. ಹಾಗಾಗಿ ಪ್ರತಿಸಲವೂ ಆ ಮೌನವನ್ನು ಮುರಿಯುವವಳು ನಾನು.

"ಐದು."

ನನ್ನ ನಂತರ ಏಳು, ಏಳು, ಏಳೂವರೆ, ಏಳು ಎಂದು ಸಾಲು ಮುಂದುವರಿಯುತ್ತಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಉಳಿದವರ ಸರಾಸರಿಯಿಂದ ಒಂದು ಅಂಕಕ್ಕೂ ಹೆಚ್ಚು ದೂರವಿರುವ ಅಂಕವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಯಾರಿಗೋ ಆ ದಿನ ಬೆನ್ನುನೋವಿರಬಹುದು, ನಿದ್ದೆ ಕೆಟ್ಟಿರಬಹುದು, ಅದರಿಂದ ಲೆಕ್ಕ ಕೆಡಬಾರದು. ಎರಡೂ ನ್ಯಾಯವಾದ ಪದ್ಧತಿಗಳೇ. ಮೊದಲನೆಯದು ನಾನು ಮಾತಾಡುವಂತೆ ನೋಡಿಕೊಂಡಿತು. ಎರಡನೆಯದು ನನ್ನ ಅಂಕವನ್ನು ಪ್ರತಿಸಲವೂ ಪಕ್ಕಕ್ಕಿಟ್ಟಿತು.

ನನಗೆ ಬೆನ್ನುನೋವಿರಲಿಲ್ಲ. ಎಂಬತ್ತು ಕಿಲೋ ಭಾರಕ್ಕೆ ಬಗ್ಗುವಂತೆ ಮಾಡಿದ ಸ್ಪ್ರಿಂಗು ನನ್ನ ಭಾರಕ್ಕೆ ಬಗ್ಗುತ್ತಿರಲಿಲ್ಲ, ಅಷ್ಟೆ. ಒಂದು ಸಲ ಇದನ್ನು ತಂಡದ ಮುಖ್ಯಸ್ಥರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಭಾರದ ಇಬ್ಬರು ಕೂತಾಗ ಹಂಪಿನಲ್ಲಿ ಪೂರಾ ಕುಸಿದು ಲೋಹಕ್ಕೆ ಲೋಹ ಬಡಿಯುತ್ತದಲ್ಲ ಎಂದರು. ಅದೂ ನಿಜ. ಮೊದಲು ಮೆತ್ತಗಿದ್ದು ಭಾರ ಬಿದ್ದಂತೆ ಗಟ್ಟಿಯಾಗುವ ಸ್ಪ್ರಿಂಗೂ ಇದೆ ಎಂದೆ. ಈಗಿನದಕ್ಕೆ ಏಳು ಬಾರದಿದ್ದರೆ ಅದನ್ನು ನೋಡೋಣ ಎಂದರು.

ನಮ್ಮವರು ಕೆಟ್ಟವರಲ್ಲ. ಮಧ್ಯಾಹ್ನ ಊಟಕ್ಕೆ ಜಾಗ ಬಿಟ್ಟುಕೊಡುತ್ತಿದ್ದರು, ಪಲ್ಯ ಹಂಚುತ್ತಿದ್ದರು. ಸದಾ ತಮಾಷೆ ಮಾಡುವ ರೈಡರ್ ಒಬ್ಬ ಒಂದು ದಿನ ನನ್ನ ಡಬ್ಬಿಯೊಳಗೆ ಇಣುಕಿ ಹೇಳಿದ:

"ಮೇಡಂ, ರೆಂಡು ಪರೋಟಾ ಎಕ್ಸ್‌ಟ್ರಾ ಸಾಪ್ಡುಂಗ. ಅಪ್ಪೊ ಏಳು ವರುಂ."

ಎರಡು ಪರೋಟಾ ಹೆಚ್ಚು ತಿಂದರೆ ಏಳು ಬರುತ್ತದಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಕ್ಕದವನು, ಪರೋಟಾ ಬೇಡ, ಮೇಡಂ ಮಡಿಲಲ್ಲಿ ಒಂದು ಮರಳಿನ ಮೂಟೆ ಇಟ್ಟು ಕೂರಿಸೋಣ ಎಂದ. ತಮಿಳು ನನಗೆ ಆಗಲೇ ಪೂರ್ತಿ ಅರ್ಥವಾಗುತ್ತಿತ್ತು. ಆದರೆ ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿಬಿಡುತ್ತಿತ್ತು.

ತಾಂಬರಂನಲ್ಲಿ ಮೂರನೇ ಮಹಡಿಯ ಒಂದು ಕೋಣೆ ನನ್ನದು. ಅಮ್ಮ ಸಂಜೆ ಫೋನು ಮಾಡುತ್ತಿದ್ದರು.

"ಆ ಗಾಡಿ ಕಂಪ್ನೀಲಿ ನೀನು ಮಾಡೋದಾದ್ರೂ ಏನೇ?"

"ಸ್ಪ್ರಿಂಗ್ ಕೆಲ್ಸ ಅಮ್ಮ."

"ಕೂತ್ಕೊಂಡು ಮಾಡೋ ಕೆಲ್ಸ ತಾನೆ?"

"ಹೂಂ, ಕೂತ್ಕೊಂಡೇ."

"ಹಾಗಾದ್ರೆ ಸರಿ. ಬಿಸಿಲಲ್ಲಿ ಅಲೀಬೇಡ."

ಅದಕ್ಕಿಂತ ಹೆಚ್ಚು ಹೇಳಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಭಾನುವಾರಗಳಲ್ಲಿ ನಾನು ಎಲೆಕ್ಟ್ರಿಕ್ ಟ್ರೈನ್ ಹತ್ತಿ ಎಗ್ಮೋರಿಗೆ ಹೋಗಿ, ಮ್ಯೂಸಿಯಂನ ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂತು, ಅದೇ ಟ್ರೈನಿನಲ್ಲಿ ವಾಪಸು ಬರುತ್ತಿದ್ದೆ. ಬೋಗಿಯಲ್ಲಿ ನಾನು ಕೂರುವುದು ಯಾವಾಗಲೂ ಮಧ್ಯದಲ್ಲಿ. ಎರಡೂ ತುದಿಯ ಚಕ್ರಗಳಿಂದ ದೂರವಾದ ಆ ಜಾಗದಲ್ಲಿ ಕುಲುಕಾಟ ಕಡಿಮೆ. ಇಂಥದ್ದು ಗೊತ್ತಿದ್ದರೆ ಯಾರಿಗಾದರೂ ಹೇಳಬೇಕೆನಿಸುತ್ತದೆ. ಹೆಂಗಸರ ಬೋಗಿಯಲ್ಲಿ ಎದುರು ಕೂತವರಿಗೆ ಅದನ್ನು ಹೇಗೆ ಹೇಳುವುದು? ಕಿಟಕಿಯಾಚೆ ನೋಡುತ್ತ ತಾಂಬರಂ ತಲುಪುತ್ತಿದ್ದೆ.

ಕೆಲವು ತಿಂಗಳ ನಂತರ ನನಗೆ ನನ್ನ ಮೇಲೇ ಅನುಮಾನ ಬರತೊಡಗಿತು. ಶೆಡ್ಡಿನಲ್ಲಿ ನಿಂತಾಗ ಬಾಯಿಗೆ ಏಳು ಬಂದುಬಿಡುತ್ತದೇನೋ ಎನಿಸುತ್ತಿತ್ತು. ಏಳು ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ನಾನೂ ಆ ಸಾಲಿನಲ್ಲಿ ಒಬ್ಬಳು. ಇನ್ನೊಂದು ದಿನ, ನಿಜಕ್ಕೂ ಐದೂವರೆ ಇದ್ದದ್ದನ್ನು ಹಟಕ್ಕೆ ಐದು ಎನ್ನುತ್ತಿದ್ದೇನೆಯೇ ಎಂಬ ಭಯ. ಒಂದು ವಿಷಯದಲ್ಲಿ ಎಷ್ಟು ದಿನ ಒಬ್ಬಳೇ ಇರಬಹುದು? ಅದಾದ ಮೇಲೆ ಬೆನ್ನಿಗೆ ನಿಜಕ್ಕೂ ಅನಿಸಿದ್ದು ಯಾವುದು, ಒಬ್ಬಳೇ ಇದ್ದುದರಿಂದ ಅನಿಸಿದ್ದು ಯಾವುದು ಎಂದು ಹೇಗೆ ತಿಳಿಯುತ್ತದೆ? ಹಿಂದಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಒಂದೊಂದು ಹಂಪನ್ನೂ ಬೆನ್ನಿನಲ್ಲೇ ಓದಲು ನೋಡುತ್ತಿದ್ದೆ.

ಆ ಸ್ಪ್ರಿಂಗಿನ ಕೊನೆಯ ಪರೀಕ್ಷೆ ಬಂತು. ಸರಾಸರಿ ಏಳು ಬಂದರೆ ಅದೇ ಖಾಯಂ. ಏಳರ ಕೆಳಗಿಳಿದರೆ ನಾನು ಹೇಳಿದ್ದನ್ನು ಒಮ್ಮೆ ಹಾಕಿ ನೋಡುತ್ತಾರೆ. ಹಿಂದಿನ ದಿನ ಸಂಜೆ ಗಿಂಡಿ ಸ್ಟೇಷನ್ನಿನ ಹೊರಗೆ ತಂಡದ ಎಲ್ಲರಿಗಿಂತ ಹಿರಿಯ ರೈಡರ್ ಸಿಕ್ಕರು. ಅವರ ಅಜ್ಜನ ಕಾಲಕ್ಕೇ ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದ ಕನ್ನಡದ ಮನೆತನ, ಇವರು ಹುಟ್ಟಿದ್ದೂ ಬೆಳೆದದ್ದೂ ಎಗ್ಮೋರಿನ ಹತ್ತಿರ. ಅವರ ಮಕ್ಕಳಿಗೆ ಕನ್ನಡ ಅರ್ಥವಾದರೂ ಉತ್ತರ ಕೊಡುವುದು ತಮಿಳಿನಲ್ಲಿ. ತಮ್ಮ ತಮಿಳು ಬೆರೆತ ಕನ್ನಡ ಮಾತಾಡಲು ಅವರಿಗೆ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಅವರೇ ಎರಡು ಲೋಟ ಟೀ ತಂದರು.

"ನಾಳೆ ಏನ್ ಸೊಲ್ತೀಯಮ್ಮಾ?"

"ಕೂತು ನೋಡ್ದೆ ಹೇಗೆ ಹೇಳೋದು ಸಾರ್?"

"ಅದೇ ಸ್ಪ್ರಿಂಗು, ಅದೇ ರೋಡು. ಐದು ತಾನೆ?"

"ಇರಬಹುದು."

"ಐದು ಅಂದ್ರೆ ತೂಕ್ಕಿ ಪೋಡ್ತಾರೆ, ಎತ್ತಿ ಆಚೆಗೆ. ಕಣಕ್ಕಿಗೇ ಬರಲ್ಲ, ಲೆಕ್ಕಕ್ಕೇ. ನೀನು ಆರು ಅನ್ನು. ಆರನ್ನ ಅವ್ರು ಬಿಡೋಕಾಗಲ್ಲ, ಇಟ್ಕೊಳ್ಳೇ ಬೇಕು. ನಾನು ಆರೂವರೆ ಅಂತೀನಿ, ನಿಂಜೊತೆ. ಏಳರ ಕೆಳಗೆ ಇಳಿದುಬಿಡುತ್ತೆ. ಅವ್ವಳವುದಾನ್, ಅಷ್ಟೇ."

"ನಿಮಗೆ ನಿಜವಾಗ್ಲೂ ಎಷ್ಟು ಅನ್ಸುತ್ತೆ?"

"ನಂಗಾ? ಏಳು." ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಇಷ್ಟಿದ್ರೆ ಏಳಲ್ಲದೆ ಇನ್ನೇನ್ ಬರುತ್ತೆ? ನಮ್ಮನೆಯವಳು ನನ್ನ ಗಾಡಿಯಿಂದ ಇಳಿಯೋವಾಗ ಒಂದು ನಿಮಿಷ ಸೀಟು ಹಿಡ್ಕೊಂಡೇ ನಿಂತಿರ್ತಾಳೆ. ಈಗೀಗ ಬಸ್ಸಲ್ಲೇ ಬರ್ತೀನಿ ನೀ ಹೋಗು ಅಂತಾಳೆ. ಕೋಪ ಅಂದ್ಕೊಂಡಿದ್ದೆ ಕಣಮ್ಮಾ ನಾನು."

ನಾನು ಟೀ ಮುಗಿಸಿ ಲೋಟ ಕೆಳಗಿಟ್ಟೆ.

"ಯೋಚ್ನೆ ಮಾಡು. ಒಂದು ನಂಬರ್ ತಾನೆ."

ಟ್ರೈನಿನಲ್ಲಿ ಆ ಸಂಜೆ ಮಧ್ಯದಲ್ಲಿ ಜಾಗ ಸಿಗದೆ ಬಾಗಿಲ ಬಳಿ ನಿಂತೇ ಬಂದೆ. ಅವರು ಹೇಳಿದ ಲೆಕ್ಕ ಸರಿಯಿತ್ತು. ಅದರಿಂದ ಒಳ್ಳೆಯದೇ ಆಗುತ್ತಿತ್ತು, ನನಗಿಂತ ಹೆಚ್ಚಾಗಿ ನಾನೆಂದೂ ನೋಡದ ಎಷ್ಟೋ ಜನರ ಬೆನ್ನಿಗೆ. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು 'ನಿಂಜೊತೆ' ಎಂಬ ಆ ಮಾತು. ಈ ಊರಿಗೆ ಬಂದ ಮೇಲೆ ಅದನ್ನು ನನಗೆ ಯಾರೂ ಹೇಳಿರಲಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ. ಆರು ಎನ್ನಲು ಬಾಯಿಗೆ ಕಷ್ಟವೇನು? ಕೋಣೆ ತಲುಪಿ ಅನ್ನಕ್ಕಿಟ್ಟು, ಒಲೆಯ ಮುಂದೆ ನಿಂತು, ನಿಜಕ್ಕೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. ಆರು. ಸುಲಭವಾಗಿತ್ತು. ಆದರೆ ನಾಳೆ ಆರು ಎಂದರೆ ಅವರು ಆರೂವರೆ ಎನ್ನುತ್ತಾರೆ, ಇಬ್ಬರಿಗೂ ಅನಿಸದೆ ಇದ್ದ ಅಂಕಗಳು ಜೊತೆಯಾಗುತ್ತವೆ. ನನಗೆ ಅನಿಸಿದ್ದು ಅದರಲ್ಲಿ ಎಲ್ಲಿರುತ್ತದೆ? ಇನ್ನೊಂದು ಬೈಕು ಬರುತ್ತದೆ, ಇನ್ನೊಂದು ಸ್ಪ್ರಿಂಗು ಬರುತ್ತದೆ. ಆಗ ಶೆಡ್ಡಿನಲ್ಲಿ ನಿಂತು ಬೆನ್ನು ಏನು ಹೇಳಿತೆಂದು ನೆನೆಯುವ ಬದಲು, ಎಷ್ಟು ಹೇಳಿದರೆ ಉಳಿಸಿಕೊಳ್ಳುತ್ತಾರೆ ಎಂದು ಎಣಿಸುತ್ತ ನಿಂತಿರುತ್ತೇನೆ.

ಇದು ಆದರ್ಶದ ಮಾತೆಂದು ತೋರಬಾರದು. ಈ ಊರಿನಲ್ಲಿ ನಾನು ಖಚಿತವಾಗಿ ಬಲ್ಲದ್ದು ಬಹಳ ಕಡಿಮೆ ಇತ್ತು. ಅದರಲ್ಲಿ ಒಂದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೇ.

ಆ ಸ್ಪ್ರಿಂಗೇ ಖಾಯಂ ಆಯಿತು. ಹಿರಿಯರು ಕೊನೆಯಲ್ಲಿ ನನ್ನೆದುರೇ ಏಳು ಎಂದರು, ಅವರಿಗೆ ಅನಿಸುತ್ತಿದ್ದದ್ದೂ ಏಳೇ. ಆಮೇಲೂ ಟೀ ಕೊಡಿಸಿದರು, ಕನ್ನಡದಲ್ಲೇ ಮಾತಾಡಿದರು, ಆ ವಿಷಯ ಮಾತ್ರ ಎತ್ತಲಿಲ್ಲ. ಈಗ ಆ ಬೈಕುಗಳು ರಸ್ತೆಯಲ್ಲಿವೆ. ಗಿಂಡಿಯ ಸಿಗ್ನಲ್ಲಿನಲ್ಲಿ ಕಾಣುತ್ತವೆ. ಹಿಂದೆ ಕೂತ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು, ಹಂಪು ಬರುವ ಮೊದಲೇ ಒಂದು ಕೈಯಿಂದ ಕಂಬಿ ಹಿಡಿದು ಮೈಯನ್ನು ಬಿಗಿಮಾಡಿಕೊಳ್ಳುತ್ತಾಳೆ. ಮುಂದಿನವನಿಗೆ ಅದು ಗೊತ್ತಾಗುವುದಿಲ್ಲ. ನಾನು ಆರು ಎಂದಿದ್ದರೆ ಎಂದು ಅಂಥ ಹೊತ್ತಿನಲ್ಲಿ ಯೋಚಿಸುತ್ತೇನೆ. ಉತ್ತರ ಒಂದೊಂದು ದಿನ ಒಂದೊಂದು ಥರ ಇರುತ್ತದೆ.

ಆ ಕೊನೆಯ ಪರೀಕ್ಷೆಯ ಬೆಳಿಗ್ಗೆ ಹಿಂದಿನ ಸೀಟಿನ ಸುತ್ತನ್ನು ನಾನು ಹಿರಿಯರ ಬೆನ್ನ ಹಿಂದೆ ಕೂತೇ ಮುಗಿಸಿದೆ. ಸೇತುವೆ ರಸ್ತೆಗೆ ಕೂಡುವ ಕಡೆ ಟಾರು ಇನ್ನಷ್ಟು ಕಿತ್ತುಹೋಗಿತ್ತು. ಅಲ್ಲಿ ಸೀಟು ನನ್ನನ್ನು ಎತ್ತಿ ಬಿಟ್ಟಿತು, ಹಲ್ಲಿಗೆ ಹಲ್ಲು ತಾಗಿತು. ಶೆಡ್ಡಿಗೆ ಬಂದು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದುಕೊಂಡೆ. ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು, ಯಾರೂ ಮಾತಾಡಲಿಲ್ಲ. ಮುಖ್ಯಸ್ಥರು ನನ್ನ ಕಡೆ ತಲೆಯಾಡಿಸಿದರು. ಹಿರಿಯರು ನನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಿತ್ತು. ಅವರ ಕಡೆ ತಿರುಗದೆ, ಅಂದು ಅನಿಸಿದ್ದು ಎಷ್ಟೆಂದು ಮತ್ತೊಮ್ಮೆ ಮನಸ್ಸಿನಲ್ಲಿ ನೋಡಿಕೊಂಡು, "ನಾಲ್ಕೂವರೆ" ಎಂದೆ.