ವಾರಸಾ ಅರ್ಜಿಯಲ್ಲಿ ಬಿಟ್ಟುಹೋದ ಹೆಸರು

ಅಪ್ಪಯ್ಯ ತೀರಿಕೊಂಡಾಗ ನನಗೆ ಇಪ್ಪತ್ನಾಲ್ಕು ವರ್ಷ. ತೊಂಬತ್ತರ ದಶಕದ ನಡುವಿನ ಮಾತು. ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು: ಅಪ್ಪಯ್ಯ, ನಾವು ಆಯಿ ಎಂದು ಕರೆಯುತ್ತಿದ್ದ ಅಮ್ಮ, ನಾನು, ಕಾಲೇಜಿಗೆ ಹೋಗುತ್ತಿದ್ದ ತಮ್ಮ. ಅಪ್ಪಯ್ಯ ಸರಕಾರಿ ಮರದ ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದವರು ತುತ್ತು ಎತ್ತುವ ಮೊದಲೇ ಮೇಜಿನ ಮೇಲೆ ಬಾಗಿದರಂತೆ. ಸುದ್ದಿ ತಂದ ಡಿಪೋದ ಕಾವಲುಗಾರ ಆ ಡಬ್ಬಿಯನ್ನೂ ತಂದಿದ್ದ. ಅನ್ನ ಹಾಗೇ ಇತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪಯ್ಯನ ಕಚೇರಿಯಿಂದ ಕರೆ ಬಂತು. ಆಯಿಯನ್ನು ಕರೆದುಕೊಂಡು ಹೋದೆ. ಕಾಗದಪತ್ರ ನೋಡುವವರು ಹಾವೇರಿ ಕಡೆಯವರು, ಅಪ್ಪಯ್ಯನ ಜೊತೆ ಚಹ ಕುಡಿದು ಬೆಳೆದ ಸ್ನೇಹ.

"ಬರ್ರಿ ಅವ್ವಾರ, ಕೂಡ್ರಿ," ಎಂದು ಎದ್ದು ನಿಂತರು. ಕಪಾಟಿನಿಂದ ಅಪ್ಪಯ್ಯನ ಸೇವಾ ಪುಸ್ತಕ ತೆಗೆದು ಹಾಳೆ ತಿರುವಿದವರು ಒಂದು ಕಡೆ ನಿಂತುಬಿಟ್ಟರು. ಆಯಿಯ ಮುಖ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಅವ್ವಾರ, ಮದುವ್ಯಾಗ ನಿಮ್ಮ ಹೆಸರು ಏನರ ಬದಲ್ ಮಾಡಿದ್ರೇನ್ರಿ?"

ಆಯಿ ಇಲ್ಲವೆಂದು ತಲೆಯಾಡಿಸಿದಳು. ಅವರು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. ತಾನು ತೀರಿಹೋದರೆ ಬರಬೇಕಾದದ್ದೆಲ್ಲ ಯಾರಿಗೆ ಸಲ್ಲಬೇಕು ಎಂದು ನೌಕರ ಬರೆದುಕೊಡುವ ಹಾಳೆ ಅದು. ಅಪ್ಪಯ್ಯನ ದುಂಡನೆಯ ಅಕ್ಷರ. ಸಂಬಂಧ ಎಂಬಲ್ಲಿ 'ಹೆಂಡತಿ' ಎಂದಿತ್ತು. ಹೆಸರು ನಾನು ಎಂದೂ ಕೇಳದ ಹೆಸರು.

ಆಯಿ ಅದನ್ನು ಓದಲು ಬಾಗಲೂ ಇಲ್ಲ. "ಅದು ಮೊದಲಿನವಳದ್ದು," ಎಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರು ಮೇಜಿನ ಮೇಲಿನ ಕಾಗದ ಒತ್ತುವ ಕಲ್ಲನ್ನು ಆಚೆ ಸರಿಸಿದರು, ಈಚೆ ಸರಿಸಿದರು. "ಇದನ್ನ ಬದಲ್ ಮಾಡ್ರೀ ಅಂತ ನಾನ ಎಷ್ಟ ಸಲ ಹೇಳಿದ್ದೆ. ನಾಳೆ ಮಾಡೋಣು ಅಂತಿದ್ರು. ಈಗ ಕೋರ್ಟಿನಿಂದ ವಾರಸಾ ಸರ್ಟಿಫಿಕೇಟ್ ತರಬೇಕಾಗ್ತೇತಿ ತಂಗಿ. ನನ್ನ ಕೈಯಾಗ ಏನೂ ಇಲ್ಲ."

ಮನೆಗೆ ನಡೆದು ಬರುವಾಗ ಕೇಳಿದೆ. ಆಯಿ ರಸ್ತೆಯನ್ನೇ ನೋಡುತ್ತ, "ಎನ್ನ ಮದುವೆಗಿಂತ ಮೊದ್ಲೇ ತೀರ್ಕಂಡಿತ್ತು. ಜ್ವರ ಬಂದು. ಸತ್ತವರ ಸುದ್ದಿ ಈಗ ಎಂತಕ್ಕೆ?" ಎಂದಳು. ಮೊನ್ನೆ ಮೊನ್ನೆ ಕುಂಕುಮ ಅಳಿಸಿಕೊಂಡವಳನ್ನು ಕೆದಕಿ ಕೇಳುವುದು ಹೇಗೆ?

ವಕೀಲರ ಕಚೇರಿ ಕಿರಾಣಿ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ವಯಸ್ಸಾದವರು, ಮಾತು ನಿಧಾನ. ಮರಣ ದಾಖಲೆ ನೋಡಿದರು, ರೇಶನ್ ಕಾರ್ಡು ನೋಡಿದರು. ಆಮೇಲೆ ಆಯಿಯನ್ನು ಕೇಳಿದರು: "ವಾರಸುದಾರರು ಯಾರ್ಯಾರು ಹೇಳಿಬಿಡಿ. ಒಬ್ಬರನ್ನೂ ಬಿಡೋ ಹಾಗಿಲ್ಲ. ಮೊದಲಿನವರಿಗೆ ಮಕ್ಕಳಿದ್ದವಾ?"

"ಇಲ್ಲ," ಎಂದಳು ಆಯಿ.

ಒಂದು ಕ್ಷಣವೂ ತಡವರಿಸಲಿಲ್ಲ. ಅದು ನನಗೆ ಇಂದಿಗೂ ನೆನಪಿದೆ.

ಅರ್ಜಿ ಟೈಪಾಗಿ ಬಂತು. ಆಯಿ, ನಾನು, ತಮ್ಮ, ಮೂರು ಹೆಸರು. ಜೊತೆಗೊಂದು ಪ್ರಮಾಣಪತ್ರ: ಇವರ ಹೊರತು ಮೃತರಿಗೆ ಬೇರೆ ಯಾರೂ ವಾರಸುದಾರರು ಇರುವುದಿಲ್ಲ. ಅಪ್ಪಯ್ಯ 'ಮೃತರು' ಆಗಿದ್ದನ್ನೇ ಎರಡು ಸಲ ಓದಿದೆ. ಆ ಸಾಲಿನ ಉಳಿದ ಅರ್ಥದ ಕಡೆ ಗಮನವೇ ಹೋಗಲಿಲ್ಲ. ಹಾಳೆ ಹಾಳೆಗೂ ಸಹಿ ಹಾಕಿದೆ. ಕೋರ್ಟು ಒಂದು ದಿನ ಗೊತ್ತುಮಾಡಿ, ತಕರಾರು ಇದ್ದವರು ಆ ದಿನ ಹಾಜರಾಗಿ ಹೇಳಬೇಕೆಂದು ಪೇಪರಿನಲ್ಲಿ ನೋಟೀಸು ಹಾಕಿಸಿತು. "ಇದೆಲ್ಲ ಶಾಸ್ತ್ರಕ್ಕೆ ತಂಗಿ, ಯಾರೂ ಬರೋದಿಲ್ಲ," ಎಂದಿದ್ದರು ವಕೀಲರು.

ಆ ದಿನ ಜವಾನ ಬಾಗಿಲಲ್ಲಿ ನಿಂತು ನಮ್ಮ ಹೆಸರು ಕೂಗಿದ. ನಾವು ಮುಂದೆ ಹೋಗಿ ನಿಂತೆವು. ನ್ಯಾಯಾಧೀಶರು ಕಾಗದದಿಂದ ಕಣ್ಣೆತ್ತದೆ, "ಯಾರದಾದರೂ ತಕರಾರು?" ಎಂದರು. ಹಿಂದಿನ ಬೆಂಚಿನಿಂದ ಯಾರೋ ಎದ್ದ ಸದ್ದಾಯಿತು.

ಮೂವತ್ತರ ಆಸುಪಾಸಿನ ಹೆಂಗಸು. ಹಸಿರು ಅಂಚಿನ ವಾಯಿಲ್ ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದಳು.

"ತಕರಾರು ಇಲ್ಲ ಸ್ವಾಮಿ," ಎಂದಳು. "ನನ್ನ ಹೆಸರು ಬಿಟ್ಟುಹೋಗಿದೆ. ಅದನ್ನ ಹೇಳೋಕೆ ಬಂದೆ."

"ನೀವು ಯಾರಮ್ಮಾ?"

"ಅವರ ಮಗಳು."

ಚೀಲದಿಂದ ಶಾಲೆ ಬಿಟ್ಟ ದಾಖಲೆ ತೆಗೆದು ಕೊಟ್ಟಳು. ತಂದೆಯ ಹೆಸರಿನ ಜಾಗದಲ್ಲಿ ಅಪ್ಪಯ್ಯನ ಪೂರ್ತಿ ಹೆಸರು, ಅಜ್ಜನ ಹೆಸರಿನ ಸಮೇತ. ನಾನು ಆಯಿಯ ಕಡೆ ತಿರುಗಿದೆ. ಆಯಿ ಬಂದವಳನ್ನು ನೋಡುತ್ತಿರಲಿಲ್ಲ. ತನ್ನ ಕಾಲ ಬೆರಳನ್ನು ನೋಡುತ್ತಿದ್ದಳು. ಅಷ್ಟು ಸಾಕಾಯಿತು ನನಗೆ.

ನ್ಯಾಯಾಧೀಶರು ಅರ್ಜಿ ತಿದ್ದಿ ತರಲು ಹೇಳಿ ಮುಂದಿನ ತಾರೀಖು ಕೊಟ್ಟರು. ಹೊರಗೆ ಜಗುಲಿಯಲ್ಲಿ ವಕೀಲರು ಆಯಿಗೆ, "ನನ್ನ ಹತ್ತಿರವೂ ಹೀಗೆ ಮಾಡಿದ್ರಲ್ಲಮ್ಮಾ," ಎಂದು ಮೆತ್ತಗೆ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆಯಿ ಕಂಬಕ್ಕೆ ಒರಗಿ ಕುಳಿತಳು. ಆ ಹೆಂಗಸು ನನ್ನ ಹತ್ತಿರ ಬಂದು ನಿಂತಳು. ನನಗಿಂತ ಒಂದು ಗೇಣು ಎತ್ತರ. ಹುಬ್ಬು ಅಪ್ಪಯ್ಯನದೇ.

"ನೀನು ದೊಡ್ಡವಳಾ?" ಎಂದಳು.

ಅಲ್ಲಿಯವರೆಗೆ ಹೌದು.

"ಎಂಗೆ ಪೇಪರ್ ನೋಡೇ ಗೊತ್ತಾಗಿದ್ದು," ಎಂದಳು ಅವಳು. "ಅಂಗನವಾಡಿಗೆ ಯಾರೋ ಬೆಲ್ಲ ಕಟ್ಟಿ ತಂದಿದ್ದ ಹಳೇ ಪೇಪರು. ಬಿಡಿಸಿದ್ರೆ ಅಪ್ಪಯ್ಯನ ಹೆಸರು ಇದ್ದು. ಹಿಂದೆ 'ಮೃತ' ಹೇಳಿ ಇದ್ದು. ಎದ್ದು ಹೋಗಿ ಬಾವಿಕಟ್ಟೆಲಿ ನೀರು ಸುರ್ಕಂಡಿ. ಅಪ್ಪಯ್ಯ ಹೋಗಿ ನಾಲ್ಕು ತಿಂಗ್ಳಾಗಿತ್ತು. ಮದುವೆ ಆದ ಮಗಳಿಗೆ ಮೂರು ದಿನದ ಸೂತಕನಾದ್ರೂ ಇರ್ತು ಅಲ್ದಾ? ಎಂಗೆ ಅದೂ ಸಿಕ್ಕಿದ್ದಿಲ್ಲೆ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು.

"ನಿಂಗಳ ಮನೇಲಿ ಎನ್ನ ಸುದ್ದಿ ಹೇಳಿದ್ದಿದ್ರಾ? ಒಂದ್ ಸಲನಾದ್ರೂ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ "ಬ್ಯಾಡ, ಬ್ಯಾಡ ಬಿಡು," ಎಂದಳು. ಚೀಲದ ಬಾಯಿ ಮಡಚುತ್ತ, "ಅವ್ರ ಸ್ವರ ಹೆಂಗಿತ್ತು?" ಎಂದಳು.

ಇಪ್ಪತ್ನಾಲ್ಕು ವರ್ಷ ದಿನವೂ ಕೇಳಿದ ಸ್ವರ. ಹೇಗಿತ್ತು? ದಪ್ಪ ಎಂದೆ. ಅಷ್ಟೇನೂ ದಪ್ಪವಲ್ಲ ಎಂದೆ. ಶೀತವಾದವರ ಹಾಗೆ ಎಂದೆ. ಅವಳು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡಳು. ಯಲ್ಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮೂರನೆಯ ದಿನ ಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತ ಆಯಿ ತಾನಾಗಿಯೇ ಹೇಳಿದಳು. ಅಪ್ಪಯ್ಯ ಯಲ್ಲಾಪುರದ ಕಡೆ ನೌಕರಿಯಲ್ಲಿದ್ದಾಗ ಇಡಗುಂದಿಯ ಹುಡುಗಿಯನ್ನು ಮದುವೆಯಾಗಿದ್ದರು. ಮಗು ಹುಟ್ಟಿ ಎಂಟು ತಿಂಗಳಿಗೆ ಅವಳು ಹೋದಳು. ಮಗುವನ್ನು ಅದರ ಅಜ್ಜಿ ಇಟ್ಟುಕೊಂಡಳು. ಅಪ್ಪಯ್ಯನಿಗೆ ಶಿರಸಿಗೆ ವರ್ಗವಾಯಿತು, ಆಯಿಯೊಡನೆ ಮದುವೆಯಾಯಿತು.

"ಎಂಗೆ ಮದುವೆಗೆ ಮೊದ್ಲೇ ಗೊತ್ತಿತ್ತು," ಎಂದಳು ಆಯಿ. "ಅದು ಶಾಲೆಗೆ ಹೋಪ ಹೊತ್ತಿಗೆ ಕರ್ಕಂಡು ಬರ್ತಿ ಹೇಳಿ ಹೇಳಿದ್ರು. ಆನು ಬ್ಯಾಡ ಅಂದಿ. ಆಗ ನೀನು ಹೊಟ್ಟೆಲಿದ್ದೆ. ಬೇರೆ ಕೂಸು ಬಂದ್ರೆ ನಿಂಗೆ ಎಂತಾ ಉಳಿತು ಹೇಳಿ ಹೆದ್ರಿಕೆ. ಎಂಗೆ ಹತ್ತೊಂಬತ್ತು ವರ್ಷ."

"ಅಪ್ಪಯ್ಯ ಎಂತ ಹೇಳಿದ?"

"ಎಂತದೂ ಹೇಳಿದ್ದಿಲ್ಲೆ. ಆಮೇಲೆ ಕೇಳಿದ್ದೇ ಇಲ್ಲೆ. ಅವು ಒಂದ್ಸಲ ಬೈದಿದ್ರೆ ಆನು ಹೂಂ ಹೇಳ್ತಿದ್ನೇನ." ಮೊರದಲ್ಲಿ ಕಲ್ಲು ಹುಡುಕುವುದನ್ನು ಅವಳು ನಿಲ್ಲಿಸಿರಲಿಲ್ಲ. ಆ ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ.

ಅಪ್ಪಯ್ಯನ ಮೇಲೆ ಸಿಟ್ಟು ಬಂತು. ಸತ್ತವರ ಮೇಲಿನ ಸಿಟ್ಟು ಕೆಟ್ಟದ್ದು, ಅದಕ್ಕೆ ಹೋಗಲು ಜಾಗವಿಲ್ಲ. ಆಯಿಯ ಮೇಲೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಅವಳು ಬ್ಯಾಡ ಅಂದದ್ದು ನನಗಾಗಿ.

ಬಂಧುಗಳಲ್ಲಿ ಹಿರಿಯರೊಬ್ಬರು ದಾರಿ ಹೇಳಿಕೊಟ್ಟರು: ಅವಳೇ ತಕರಾರು ಇಲ್ಲ ಅಂದಿದ್ದಾಳಲ್ಲ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿಸಿಬಿಡಿ. ಪತ್ರ ಟೈಪಾಯಿತು. ಅದನ್ನು ಹಿಡಿದುಕೊಂಡು ನಾನೊಬ್ಬಳೇ ಯಲ್ಲಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಇಡಗುಂದಿಯಲ್ಲಿ ಇಳಿದೆ. ಅಂಗನವಾಡಿಯಲ್ಲಿ ಅವಳು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದಳು. ನನಗೂ ಒಂದು ತಟ್ಟೆ ಇಟ್ಟಳು. ತಿಂದು ಮುಗಿಸುವವರೆಗೂ ಬಂದದ್ದೇಕೆಂದು ಕೇಳಲಿಲ್ಲ.

ಪತ್ರ ಕೊಟ್ಟೆ. ನಿಧಾನವಾಗಿ, ತುಟಿ ಆಡಿಸುತ್ತ ಓದಿದಳು.

"ಮೊದಲ್ನೇ ಸಾಲಲ್ಲಿ ಆನು ಅವ್ರ ಮಗಳು ಹೇಳಿ ಇದ್ದು," ಎಂದಳು. "ಎರಡ್ನೇ ಸಾಲಲ್ಲಿ ಎಂಗೆ ಅವ್ರಿಗೆ ಸಂಬಂಧಪಟ್ಟ ಯಾವ್ದೂ ಬ್ಯಾಡ ಹೇಳಿ ಇದ್ದು. ಹಾಕ್ತಿ ತಂಗಿ, ಪೆನ್ನು ಕೊಡು. ಮೊದಲ್ನೇ ಸಾಲು ಇದ್ದಲಾ, ಸಾಕು."

ಪೆನ್ನು ನನ್ನ ಕೈಯಲ್ಲೇ ಇತ್ತು. ಕೊಡಲಾಗಲಿಲ್ಲ. ಮರೆತು ಬಂದಿದ್ದೇನೆ ಎಂದೆ. ಅವಳು ನನ್ನ ಕೈ ನೋಡಿದಳು. ಪತ್ರ ಮಡಚಿ ಚೀಲಕ್ಕೆ ಹಾಕಿ ಮುಂದಿನ ಬಸ್ಸಿಗೆ ಹೊರಟೆ. ಅವಳು ರಸ್ತೆಯವರೆಗೆ ಬಂದು, ಬಸ್ಸು ಬರುವವರೆಗೆ ನನ್ನ ಪಕ್ಕದಲ್ಲೇ ನಿಂತಿದ್ದಳು.

ಮನೆಗೆ ಬಂದು ಆಯಿಗೆ, "ಸಹಿ ಮಾಡಿಸಿದ್ದಿಲ್ಲೆ. ಮಾಡಿಸುವುದೂ ಇಲ್ಲೆ. ನಾಲ್ಕು ಹೆಸರು ಹಾಕ್ಸುವುದು," ಎಂದೆ. ಆಯಿ ಎದ್ದು ಒಳಗೆ ಹೋದಳು. ತಮ್ಮ, "ಹಂಗೇ ಆಗ್ಲಿ," ಎಂದ.

ಮುಂದಿನ ತಾರೀಖಿಗೆ ಆಯಿಯ ಸಾಕ್ಷಿ. ಕಟಕಟೆಯ ಹಿಡಿಕೆ ಹಿಡಿದು ನಿಂತಿದ್ದಳು. ವಕೀಲರು ಹಿಂದಿನ ಬೆಂಚಿನ ಕಡೆ ಕೈ ತೋರಿಸಿ, "ಅಲ್ಲಿ ಕೂತವರು ನಿಮಗೆ ಗೊತ್ತಾ?" ಎಂದರು.

"ಗೊತ್ತು."

"ಯಾರು?"

ಆಯಿ ಮೊದಲ ಬಾರಿ ಅವಳನ್ನು ನೋಡಿದಳು. "ಅವರ ಮಗಳು. ಹಿರೇ ಮಗಳು."

"ಅರ್ಜಿ ಹಾಕೋವಾಗ ಇದು ನಿಮಗೆ ಗೊತ್ತಿತ್ತಾ?" ಕೇಳಿದ್ದು ನ್ಯಾಯಾಧೀಶರು.

"ಗೊತ್ತಿತ್ತು. ನಾನೇ ಬಿಟ್ಟೆ. ಇವಳಿಗೆ ಗೊತ್ತಿರಲಿಲ್ಲ," ಎಂದು ನನ್ನ ಕಡೆ ಕೈ ಮಾಡಿದಳು. ನ್ಯಾಯಾಧೀಶರು, ಇನ್ನು ಮುಂದೆ ಕೋರ್ಟಿನಲ್ಲಿ ಸುಳ್ಳು ಬರೆಸಬಾರದು ಎಂದಷ್ಟೇ ಹೇಳಿದರು. ಬೆರಳಚ್ಚುಗಾರ ಎಲ್ಲವನ್ನೂ ಟಕಟಕ ಬಡಿದು ಹಾಳೆ ಎಳೆದ. ಆಯಿ ಅದರಡಿ ಸಹಿ ಮಾಡಿದಳು.

ಹೊರಗೆ ಬಂದಾಗ ಅವಳು ಬಗ್ಗಿ ಆಯಿಯ ಕಾಲು ಮುಟ್ಟಿದಳು. ಆಯಿಯ ಕೈ ಅವಳ ತಲೆಯ ಹತ್ತಿರದವರೆಗೆ ಹೋಗಿದ್ದನ್ನು ಕಂಡೆ. ಇಟ್ಟಳೋ ಇಲ್ಲವೋ, ನಡುವೆ ಯಾರೋ ಹಾದುಹೋದರು.

ಸರ್ಟಿಫಿಕೇಟು ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ನಾಲ್ಕು ಹೆಸರು, ನಾಲ್ಕು ಸಮಪಾಲು. ತನ್ನ ಪಾಲನ್ನು ಅವಳು ಬೇಡವೆನ್ನಲಿಲ್ಲ, ಮನೆಗೆ ಹೆಂಚು ಹೊದೆಸಿಕೊಂಡಳಂತೆ. ಅದು ತಿಳಿದು ನನಗೆ ಸಮಾಧಾನವಾಯಿತು. ಆದರೆ ಅಕ್ಕ ತಂಗಿ ಎಂದು ಒಬ್ಬರ ಮನೆಗೊಬ್ಬರು ಓಡಾಡುವಂತಾಯಿತು ಎಂದರೆ ಸುಳ್ಳಾದೀತು. ವರ್ಷಕ್ಕೊಂದು ಕಾಗದ. ತಮ್ಮನ ಮದುವೆಗೆ ಬಂದಳು, ಕೊನೆಯ ಸಾಲಿನಲ್ಲಿ ಕುಳಿತಳು, ಊಟ ಮಾಡಿ ಹೋದಳು. ಆಯಿ ಹೊಸ ಸೊಸೆಯ ಕೈಯಿಂದ ಅವಳಿಗೆ ಉಡಿ ತುಂಬಿಸಿ ಕಳಿಸಿದಳು. ಇಬ್ಬರೂ ಮಾತಾಡಿದ್ದು ನಾನು ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಈಚೆ, ಆಯಿ ಹಾಸಿಗೆ ಹಿಡಿದ ವರ್ಷ, ಹೇಳಿಕಳಿಸದೆಯೂ ಅವಳು ಬಂದಳು. ಐದು ದಿನ ಇದ್ದಳು. ಆಯಿಗೆ ಆಗಲೇ ಜನರ ಗುರುತು ತಪ್ಪುತ್ತಿತ್ತು. ಗಂಜಿ ಕುಡಿಸುತ್ತಿದ್ದ ಅವಳನ್ನು ಒಮ್ಮೆ ನನ್ನ ಹೆಸರಿನಿಂದ ಕರೆದಳು. ಅವಳು ತಿದ್ದಲಿಲ್ಲ, "ಹ್ಞಾ ಆಯಿ," ಎಂದು ಓಗೊಟ್ಟಳು.

ಆಯಿ ತೀರಿಕೊಂಡ ಮೇಲೆ ಅವಳ ವಂಶವೃಕ್ಷದ ಅರ್ಜಿ ಕೊಡಲು ತಾಲೂಕು ಕಚೇರಿಗೆ ಹೋದೆ. ಮಕ್ಕಳು ಎಷ್ಟು ಎಂದು ಕೇಳಿದರು. ಮೂವರು ಎಂದೆ. ವಿವರ ಕೇಳಿ, ಗಂಡನ ಮೊದಲ ಹೆಂಡತಿಯ ಮಗಳು ಇವರಿಗೆ ವಾರಸುದಾರಳಾಗುವುದಿಲ್ಲ, ಇಬ್ಬರೇ ಎಂದು ಬರೆಯಿರಿ ಎಂದರು. ಕಾನೂನು ಹಾಗೆಯೇ ಇದೆ. ಇಬ್ಬರೇ ಎಂದು ಬರೆದು ಸಹಿ ಹಾಕಿದೆ. ಅವಳು ಮಾತ್ರ ಮಗಳ ಮೂರು ದಿನದ ಸೂತಕವನ್ನು ನಮ್ಮ ಮನೆಯಲ್ಲೇ ಹಿಡಿದಿದ್ದಳು. ಮೂರನೆಯ ದಿನ ಮನೆಯ ಹಿಂದಿನ ನಳದ ಕೆಳಗೆ ತಲೆಗೆ ನೀರು ಹಾಕಿಕೊಂಡಿದ್ದಳು.