ಅಜ್ಜಿಗೆ ಹೇಳಿದ ಹಾಲಿವುಡ್

ಗುಜರಾತಿನ ಬೋಪಾಲ ಬಡಾವಣೆಯ ನಮ್ಮ ಎಂಟನೇ ಮಹಡಿಯ ಮನೆಯಲ್ಲಿ ಬೇಸಿಗೆ ಬಂತೆಂದರೆ ಹನ್ನೆರಡಕ್ಕೇ ಪರದೆ ಎಳೆಯಬೇಕು. ಒಳಗೆ ತಂಪು ಕತ್ತಲು, ಹೊರಗೆ ಬಿಸಿಲಿಗೆ ಮಂಕಾಗಿ ಮಲಗಿದ ಊರು. ಆ ಹೊತ್ತಿಗೆ ನನ್ನ ಅವ್ವನಿಗೆ ಹಾಲಿವುಡ್ ಬೇಕು. ಇವತ್ತಿನದಲ್ಲ. ಗಂಡಸರು ಮನೆಯೊಳಗೆ ಕಾಲಿಟ್ಟ ಕೂಡಲೇ ಟೋಪಿ ತೆಗೆಯುವ, ಹೆಂಗಸರು ಒಂದೊಂದೇ ಬೆರಳು ಬಿಡಿಸಿ ಕೈಗವಸು ಕಳಚುವ ಕಪ್ಪು-ಬಿಳುಪಿನ ಕಾಲದ್ದು.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಬ್ಯಾಂಕಿನಲ್ಲಿದ್ದ ಅಪ್ಪ ಸೂರತ್‌ಗೆ ವರ್ಗವಾಗಿ ಬಂದಾಗ ಅವಳನ್ನು ಭಾನುವಾರದ ಬೆಳಗಿನ ಆಟಕ್ಕೆ ಕರೆದೊಯ್ದು, ಇಡೀ ಸಿನಿಮಾ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರಂತೆ. ಮುಂದಿನ ಸಾಲಿನವರು ತಿರುಗಿ ದುರುಗುಟ್ಟಿದರೂ ಬಿಡುತ್ತಿರಲಿಲ್ಲ. ಹೀಗಾಗಿ ಅವ್ವನ ಲೆಕ್ಕದಲ್ಲಿ ಇಂಗ್ಲಿಷ್ ಸಿನಿಮಾ ಎಂದರೆ ಯಾರಾದರೂ ಪಕ್ಕದಲ್ಲಿ ಕೂತು ಹೇಳುವಂಥದ್ದು. ಅಪ್ಪ ಹೋದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಹೇಳುವ ಕೆಲಸ ನನ್ನ ಮಗಳ ಪಾಲಿಗೆ ಬಂತು.

ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗುಜರಾತಿ, ಹಿಂದಿ, ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಊಟ, ಸ್ನಾನ, ಬಾಗಿಲು ಹಾಕಿಕೋ ಎನ್ನುವಷ್ಟು. ಅವಳ ಜೊತೆ ಕೂತು ಕನ್ನಡ ಮಾತಾಡಲು ನನಗೆ ಪುರಸೊತ್ತಾಗಲಿಲ್ಲ, ಆ ತಪ್ಪು ನನ್ನದೇ. ಅಲ್ಲಿಯವರೆಗೆ ಅಜ್ಜಿ-ಮೊಮ್ಮಗಳ ಮಧ್ಯೆ "ಉಂಡಿ?" "ಉಂಡೆ" ಬಿಟ್ಟರೆ ಮಾತೇ ಇರಲಿಲ್ಲ. ಜೂನ್‌ನಲ್ಲಿ ಅವಳು ಓದಲು ವಡೋದರಾಕ್ಕೆ ಹೊರಡುವವಳು. ಅಲ್ಲಿನ ಫತೇಗಂಜ್‌ನಲ್ಲಿ ಹಾಸ್ಟೆಲ್ ಕೂಡ ನೋಡಿ ಬಂದಿದ್ದೆವು. ಇಬ್ಬರೂ ಹತ್ತಿರವಾಗಲು ಉಳಿದದ್ದು ಆ ಒಂದು ಬೇಸಿಗೆ.

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಬಟ್ಟೆ ಮಡಚುತ್ತ ನಾನು ಅರೆನಿದ್ದೆಯಲ್ಲಿ ಕೇಳುತ್ತಿದ್ದೆ. ನಾಯಕಿಯ ಕೆನ್ನೆಯ ಮೇಲೆ ಎಲ್ಲಿಂದಲೋ ಬೆಳಕು ಬೀಳುತ್ತಿತ್ತು, ಅದೇ ಬೆಳಕಿನಲ್ಲಿ ಅವ್ವನ ಮೂಗುಬೊಟ್ಟು ಮಿನುಗುತ್ತಿತ್ತು. ನಟ-ನಟಿಯರಿಗೆಲ್ಲ ಅವಳೇ ಹೆಸರಿಟ್ಟಿದ್ದಳು: ಹುಬ್ಬು ಕುಣಿಸಾಕಿ, ಗದ್ದದ ಗುಳಿಯಂವ. "ಅಂವ ಏನಂದ?" ಎಂದು ಕೇಳುವಳು. ಮಗಳು ತನಗೆ ಬರುವ ನಾಲ್ಕೇ ಕನ್ನಡ ಮಾತುಗಳಲ್ಲಿ ದೊಡ್ಡ ದೊಡ್ಡ ಪ್ರೇಮಗಳನ್ನೆಲ್ಲ ಹೇಳಿ ಮುಗಿಸುವಳು.

ಒಂದು ಭಾನುವಾರ ನನ್ನ ಗಂಡನ ಸಂಶೋಧನಾ ಸಂಸ್ಥೆಯ ಕನ್ನಡದ ಗೆಳೆಯರು ಸಂಸಾರ ಸಮೇತ ಊಟಕ್ಕೆ ಬಂದಿದ್ದರು. ಟಿವಿಯಲ್ಲಿ ಹಡಗು ಹೊರಟಿತ್ತು. ಬಂದರಿನಲ್ಲಿ ನಿಂತ ನಾಯಕ, ಜೀವ ಇರುವವರೆಗೂ ನಿನಗಾಗಿ ಕಾಯುತ್ತೇನೆ ಎಂದ. ಮಗಳು ಅಜ್ಜಿಗೆ ಹೇಳಿದಳು: "ಅಂವ ಹೇಳ್ತಾನ, ಹೊತ್ತಿಗೆ ಸರಿ ಊಟ ಮಾಡು. ಸ್ವೆಟರ್ ಹಾಕ್ಕೋ. ನಾ ಬಾಗಿಲಾ ಹಾಕೂದಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಅಷ್ಟಕ್ಕೇ ಸುಮ್ಮನಿರದೆ ಅವಳ ದನಿಯನ್ನೇ ಅಣಕಿಸಿ ಅತಿಥಿಗಳಿಗೆ ಇನ್ನೊಮ್ಮೆ ಹೇಳಿದೆ. ಎಲ್ಲರೂ ನಕ್ಕರು. ಅವ್ವ ಒಬ್ಬಳೇ ನಗಲಿಲ್ಲ, ಅವಳ ಕಣ್ಣು ತುಂಬಿತ್ತು. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಕನ್ನಡ ನಿಲ್ಲಿಸಿಬಿಟ್ಟಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಜ್ಜಿಗೆ ಬರೀ ತಲೆಯಾಡಿಸುವುದು. ಮೂರು ವಾರ ಟಿವಿ ಹಚ್ಚಲಿಲ್ಲ. ನಾನೇ ಕಥೆ ಹೇಳುತ್ತೇನೆ ಬಾ ಎಂದರೆ ಅವ್ವ ಒಲ್ಲೆನೆಂದಳು. ನನ್ನ ಬಾಯಿಗೆ ಇಷ್ಟು ಬೆಂಕಿ ಬೀಳಬಾರದಿತ್ತೇ ಎನಿಸಿತು.

ಕೊನೆಗೊಂದು ಮಧ್ಯಾಹ್ನ ಅವ್ವ ತಾನೇ ರಿಮೋಟ್ ಒತ್ತಿ ಯಾವುದೋ ಸಿನಿಮಾ ಹಚ್ಚಿದಳು. ಮೊಬೈಲ್ ನೋಡುತ್ತ ಕೂತಿದ್ದ ಮೊಮ್ಮಗಳಿಗೆ ಕೇಳುವಂತೆ ತನಗೆ ತಿಳಿದ ಹಾಗೆ ಕಥೆ ಕಟ್ಟತೊಡಗಿದಳು. ಅವಳ ಕಥೆಯಲ್ಲಿ ನಾಯಕ ಸೀರೆ ವ್ಯಾಪಾರಕ್ಕೆ ಹೊರಟಿದ್ದ, ವಕೀಲ ನಾಯಕಿಯ ಸೋದರಮಾವನಾಗಿದ್ದ. "ಅಕಿ ಯಾಕ ಮಾತಾಡವಲ್ಲಳು? ಸೊಕ್ಕಿನಾಕಿ ಇರಬೇಕು ತಗಿ," ಎಂದಳು.

ಮಗಳಿಗೆ ತಡೆಯಲಾಗಲಿಲ್ಲ. "ಅಲ್ಲಜ್ಜಿ, ಸೊಕ್ಕಲ್ಲ," ಎಂದಳು. ಸ್ವಲ್ಪ ಹೊತ್ತು ಪದ ಹುಡುಕಿದಳು. "ಆಕಿಗೆ ನೋವಾಗೇದ. ಎಲ್ಲಾರ ಮುಂದ ನಕ್ಕರು. ಅದಕ್ಕ ಮಾತಾಡೂದಿಲ್ಲ."

ನಾನು ಬಾಗಿಲಲ್ಲಿ ನಿಂತು ಮೊದಲಿನಿಂದ ನೋಡುತ್ತಿದ್ದೆ. ಆ ಸಿನಿಮಾದಲ್ಲಿ ಯಾರೂ ಯಾರನ್ನೂ ನೋಡಿ ನಕ್ಕಿರಲಿಲ್ಲ.

ಒಳಗೆ ಹೋಗಿ ಮಗಳ ಕಾಲ ಬಳಿ ನೆಲದ ಮೇಲೆ ಕೂತೆ. "ತಪ್ಪಾತವ್ವಾ," ಎಂದೆ. ಆಮೇಲೆ ಕೇಳಿದೆ, "ಮುಂದ ಏನಾತು?"

ಅವಳು ನನ್ನ ಮುಖ ನೋಡಲಿಲ್ಲ. ಆದರೆ ಹೇಳಿದಳು, ಕನ್ನಡದಲ್ಲೇ.